ಬಾಣಂತಿಯ ಐದು ಸಾವಿರ: ಕೂಲಿ ದಿನಗಳಲ್ಲಿ ಒಂದು ಲೆಕ್ಕ

ಹೆರಿಗೆಗೆ ಮುಂಚೆ ಮತ್ತು ಆಮೇಲೆ ಕೂಲಿ ಬಿಟ್ಟು ಮನೆಯಲ್ಲಿ ಉಳಿಯುವ ಬಡ ಹೆಂಗಸಿಗೆ ಸರ್ಕಾರ ಕೊಡುವ ನೆರವನ್ನು ರೂಪಾಯಿಯಲ್ಲಿ ಹೇಳುವುದು ವಾಡಿಕೆ. ಈ ಟಿಪ್ಪಣಿಯಲ್ಲಿ ಅದನ್ನು ಕೂಲಿ ದಿನಗಳಿಗೆ ಪರಿವರ್ತಿಸಿ ನೋಡಿದ್ದೇನೆ. ಆ ಹಣದ ಘೋಷಿತ ಉದ್ದೇಶವೇ ಕೈತಪ್ಪಿದ ಕೂಲಿಯನ್ನು ಒಂದಿಷ್ಟಾದರೂ ತುಂಬಿಕೊಡುವುದು. ಹಾಗಾಗಿ ಅದನ್ನು ಕೂಲಿಯಿಂದಲೇ ಅಳೆಯುವುದು ನ್ಯಾಯ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಮು, ಸರ್ಕಾರಿ ಮತ್ತು ಸಾರ್ವಜನಿಕ ವಲಯದ ಕಾಯಂ ನೌಕರಿಯಲ್ಲಿರುವವರನ್ನೂ ಬೇರೆ ಕಾನೂನಿನಡಿ ಇಂಥ ಸೌಲಭ್ಯ ಪಡೆಯುವವರನ್ನೂ ಬಿಟ್ಟು, ಉಳಿದ ಎಲ್ಲ ಗರ್ಭಿಣಿ, ಬಾಣಂತಿಯರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯೆಯ ಮಾತು ಕೊಟ್ಟಿತು. ಎಷ್ಟನೇ ಮಗು ಎಂಬ ಷರತ್ತು ಕಲಮಿನಲ್ಲಿ ಇಲ್ಲ. 2013-14ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 174 ರೂಪಾಯಿ. ಅಂದರೆ ಕಾನೂನು ಕೊಟ್ಟ ಮಾತಿನ ಬೆಲೆ ಆಗ 34 ದಿನದ ಕೂಲಿ. ದೇಶದ ಎಲ್ಲ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿದ್ದು 2017ರಲ್ಲಿ, ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಹೆಸರಿನಲ್ಲಿ. ಅಷ್ಟರಲ್ಲಿ 6,000 ಹೋಗಿ 5,000 ಆಗಿತ್ತು, ಅದೂ ಮೊದಲ ಮಗುವಿಗೆ ಮಾತ್ರ. 2017-18ರ 236 ರೂಪಾಯಿ ಕೂಲಿಯ ಲೆಕ್ಕದಲ್ಲಿ ಅದು 21 ದಿನ. 2025-26ರ 370 ರೂಪಾಯಿಯ ಲೆಕ್ಕದಲ್ಲಿ ಹದಿಮೂರೂವರೆ ದಿನ. 2017ರ ನಂತರ ಮೊತ್ತವನ್ನು ಯಾರೂ ಕಡಿತ ಮಾಡಲಿಲ್ಲ, ಆದರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋಯಿತು.

ಕಡಿಮೆಯಾದ ಸಾವಿರ ರೂಪಾಯಿಗೆ ಸರ್ಕಾರ ಕೊಡುವ ಸಮಜಾಯಿಷಿ ಜನನಿ ಸುರಕ್ಷಾ ಯೋಜನೆ: ಎರಡೂ ಸೇರಿ ಸರಾಸರಿ 6,000 ಆಗುತ್ತದೆ ಎಂಬುದು. ಕರ್ನಾಟಕಕ್ಕೆ ಈ ಸರಾಸರಿ ಹೊಂದುವುದಿಲ್ಲ. ಆಸ್ಪತ್ರೆ ಹೆರಿಗೆ ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿರುವ ನಮ್ಮಲ್ಲಿ ಆ ಯೋಜನೆಯಡಿ ಸಹಜ ಹೆರಿಗೆಗೆ ಸಿಗುವುದು ಹಳ್ಳಿಯವರಿಗೆ 700, ಪಟ್ಟಣದವರಿಗೆ 600 ರೂಪಾಯಿ. ಕೂಡಿಸಿದರೆ ಹೆಚ್ಚೆಂದರೆ 5,700.

ಮೊತ್ತಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಕಂತಿನ ವೇಳಾಪಟ್ಟಿ. 2022ರಿಂದ ಮೊದಲ ಮಗುವಿಗೆ ಎರಡು ಕಂತು. ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ನೋಂದಣಿಯಾಗಿ ಒಂದು ತಪಾಸಣೆ ಮುಗಿದರೆ 3,000. ಮಗುವಿನ ಜನನ ನೋಂದಣಿಯಾಗಿ, 14ನೇ ವಾರದವರೆಗಿನ ಲಸಿಕೆಗಳೆಲ್ಲ ಮುಗಿದರೆ 2,000. ತಾಯಿ ಕಾರ್ಡಿನ ಲಸಿಕೆ ಪುಟ ತೆರೆದು ನೋಡಿ: ಹುಟ್ಟಿದಾಗ, 6 ವಾರ, 10 ವಾರ, 14 ವಾರ. ಈ ನಾಲ್ಕೂ ಸಾಲುಗಳಿಗೆ ತಾರೀಕು ಬೀಳುವ ತನಕ ಎರಡನೇ ಕಂತಿಗೆ ಅರ್ಜಿಯೇ ಹೋಗುವುದಿಲ್ಲ. ಹೆರಿಗೆಯಾಗಿ ಮೂರು ತಿಂಗಳು ಕಳೆದ ಮೇಲಿನ ಮಾತು ಇದು. ಕೊಬ್ಬರಿ, ಬೆಲ್ಲ, ತುಪ್ಪ, ಅಂಟಿನುಂಡೆ, ಎಣ್ಣೆ, ನೀರು ಕಾಯಿಸಲು ಸೌದೆ, ಮಗುವಿಗೆ ಜ್ವರ ಬಂದರೆ ಆಟೋ ಬಾಡಿಗೆ, ಈ ಖರ್ಚೆಲ್ಲ ಬರುವುದು ಆ ಮೂರು ತಿಂಗಳಲ್ಲೇ. ಆ ಅವಧಿಗೆಂದು ಈ ಯೋಜನೆಯಿಂದ ಒಂದು ರೂಪಾಯಿಯೂ ಇಲ್ಲ. ಲಸಿಕೆ ಹಾಕಿಸಲು ಉತ್ತೇಜನ ಬೇಕು ಎಂಬ ವಾದ ಗೊತ್ತಿದೆ. ಅದಕ್ಕೆ ಬೇರೆ ದಾರಿಗಳಿವೆ. ಹಸಿ ಬಾಣಂತಿಯ ಊಟದ ದುಡ್ಡನ್ನು ಒತ್ತೆ ಇಟ್ಟುಕೊಳ್ಳಬಾರದು.

ಇನ್ನೊಂದು ತೊಡಕು ನಮ್ಮ ನಾಡಿನ ಪದ್ಧತಿಗೆ ಸಂಬಂಧಿಸಿದ್ದು. ಮೊದಲ ಹೆರಿಗೆ ಸಾಮಾನ್ಯವಾಗಿ ತವರಿನಲ್ಲಿ. ಹಾವೇರಿ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ, ತವರು ಗದಗ ಜಿಲ್ಲೆಯಲ್ಲಿರುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳೋಣ. ನೋಂದಣಿ ಗಂಡನ ಊರಿನ ಅಂಗನವಾಡಿಯಲ್ಲಿ. ಏಳನೇ ತಿಂಗಳ ಸೀಮಂತ ಮುಗಿಸಿ ತವರಿಗೆ ಹೋಗುತ್ತಾಳೆ. ಹೆರಿಗೆ, ಜನನ ನೋಂದಣಿ, ಲಸಿಕೆ ಎಲ್ಲ ಅಲ್ಲಿ. ಆಧಾರ್‌ನಲ್ಲಿ ಇನ್ನೂ ಅಪ್ಪನ ಮನೆ ವಿಳಾಸ. ಗಂಡನ ಮನೆಯ ರೇಷನ್ ಕಾರ್ಡಿಗೆ ಹೆಸರು ಸೇರಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ಆಕೆಗೇ ತಿಳಿಯದು. ಮೊದಲ ಮಗುವಿಗೆಂದೇ ರೂಪಿಸಿದ ಯೋಜನೆ, ಮೊದಲ ಹೆರಿಗೆಯ ಹೆಣ್ಣು ಎರಡು ಊರುಗಳ ನಡುವೆ ಇರುತ್ತಾಳೆ ಎಂಬುದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಓಡಾಡಿ ಕಾಗದ ಕೂಡಿಸುವ ಕೆಲಸ ಕಡೆಗೆ ಎರಡೂ ಊರಿನ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರ ಹೆಗಲಿಗೆ ಬೀಳುತ್ತದೆ. ಕೈಗೆ ಹಣ ಬಾರದ ಈ ಕೊರತೆಯನ್ನು ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ತುಂಬುತ್ತದೆಯೇ? ಆ ಹಣ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾದ ಹೆಂಗಸಿಗೆ, ಕೂಡುಕುಟುಂಬದಲ್ಲಿ ಸಾಮಾನ್ಯವಾಗಿ ಅತ್ತೆಗೆ.

ಎರಡನೇ ಮಗುವಿನ ನಿಯಮ ಇದಕ್ಕಿಂತ ವಿಚಿತ್ರ. 2022ರ ಪರಿಷ್ಕರಣೆಯಲ್ಲಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ಕೊಡುವುದೆಂದು ಸೇರಿಸಿದರು. ಹೆಣ್ಣುಮಗುವನ್ನು ಸ್ವಾಗತಿಸಬೇಕೆಂಬ ಆಶಯಕ್ಕೆ ಯಾರ ತಕರಾರೂ ಇರಲಾರದು. ಆದರೆ ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಈ ಹಣ ಹೆರಿಗೆಯ ನಂತರವೇ ಬರಬೇಕು. ಎರಡನೇ ಬಸಿರಿನ ಒಂಬತ್ತು ತಿಂಗಳಲ್ಲಿ ತಾಯಿಗೆ ವಿಶ್ರಾಂತಿ, ಒಳ್ಳೆಯ ಊಟ ಕೊಡಿಸುವ ಶಕ್ತಿ ಅದಕ್ಕಿಲ್ಲ. ಹುಟ್ಟಿದ್ದು ಗಂಡಾದರೆ ಆಮೇಲೂ ಏನೂ ಇಲ್ಲ. ಅದೇ ಹೊಲದಲ್ಲಿ ಬಗ್ಗಿ ಕಳೆ ಕಿತ್ತ ಅದೇ ತಾಯಿಗೆ ಇದನ್ನು ಹೇಗೆ ಸಮರ್ಥಿಸಿ ಹೇಳುವುದು?

ಮಾತೃ ವಂದನಾ ಬಂದ 2017ರಲ್ಲೇ ನೌಕರಿಯ ಹೆಂಗಸರಿಗಾಗಿ ಒಂದು ಕಾನೂನು ತಿದ್ದುಪಡಿಯೂ ಜಾರಿಗೆ ಬಂತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಡಿ ಮೊದಲೆರಡು ಮಕ್ಕಳಿಗೆ ಸಂಬಳ ಸಹಿತ 26 ವಾರಗಳ ರಜೆ ಸಿಕ್ಕಿತು. ಮೂರನೆಯ ಮಗುವಿಗೂ 12 ವಾರ ಉಂಟು. ಅದು ನ್ಯಾಯವಾದ ತಿದ್ದುಪಡಿ. ಆದರೆ ಹೊಲ, ಇಟ್ಟಿಗೆ ಭಟ್ಟಿ, ಮನೆಗೆಲಸದ ಹೆಂಗಸರನ್ನು ಅದು ತಲುಪುವುದಿಲ್ಲ. ಕಾರ್ಖಾನೆ, ಕಚೇರಿಯ ನೌಕರಳ ಮೂರನೇ ಮಗುವಿಗೆ ಸಿಗುವ 12 ವಾರವನ್ನೇ ಕೂಲಿಯವಳಿಗೂ ಕನಿಷ್ಠ ಮಿತಿ ಎಂದು ಹಿಡಿಯೋಣ. ವಾರಕ್ಕೆ ಆರು ದಿನದಂತೆ 72 ದಿನ, ದಿನಕ್ಕೆ 370 ರೂಪಾಯಿ: ಒಟ್ಟು 26,640. ಈಗಿನ 5,000 ಇದರ ಐದನೇ ಒಂದು ಭಾಗವೂ ಆಗದು.

ಇಷ್ಟು ದುಡ್ಡು ಎಲ್ಲಿಂದ ಎಂದು ಕೇಳುವವರು ಪಕ್ಕದ ತಮಿಳುನಾಡನ್ನು ನೋಡಬೇಕು. ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ನೆರವು ಅಲ್ಲಿ 1987ರಲ್ಲಿ 300 ರೂಪಾಯಿಯಿಂದ ಶುರುವಾಯಿತು. 2006ರಲ್ಲಿ 6,000, ಆಮೇಲೆ 12,000, 2018ರಿಂದ ಕೇಂದ್ರದ ಪಾಲು ಮತ್ತು ಪೌಷ್ಟಿಕಾಂಶದ ಕಿಟ್ ಸೇರಿ 18,000. ನಮ್ಮ ಕೂಲಿ ದರದಲ್ಲಿ ಅದು ಸುಮಾರು 49 ದಿನ, ಮೇಲಿನ ಕನಿಷ್ಠ ಮಿತಿಯ ಮೂರನೇ ಎರಡು ಭಾಗ. ಕರ್ನಾಟಕ ತನ್ನ ಬಜೆಟ್‌ನಿಂದ ತಲಾ 13,000 ಸೇರಿಸಿ, ಅದನ್ನು ಹೆರಿಗೆಯಾದ ವಾರದಲ್ಲೇ ತಾಯಿಯ ಖಾತೆಗೆ ಹಾಕಿದರೆ ಆ ಮಟ್ಟ ಮುಟ್ಟಬಹುದು.