ಹಳೆಯದನ್ನು ನೋಡಿ ಕೊಳ್ಳುವ ವಿದ್ಯೆ

ಬಾದಾಮಿಯ ಸಮೀಪದ ಚೊಳಚಗುಡ್ಡದಲ್ಲಿ, ಪುಷ್ಯಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ರಥವು ಹೊರಟಿತೆಂದರೆ, ಅದರ ಬೆನ್ನಿಗೇ ನಾಟಕ ಕಂಪನಿಗಳ ತಂಬುಗಳೂ, ಮರದ ಬಾಗಿಲು-ಚೌಕಟ್ಟುಗಳ ಒಟ್ಟಿಲುಗಳೂ, ಸಾಲುಗಟ್ಟಿ ನಿಂತ ಎತ್ತುಗಳೂ ಕೂಡಿ ವಾರಗಟ್ಟಲೆ ಬಾಳುವ ಒಂದು ಪೇಟೆಯೇ ಅಲ್ಲಿ ನಿರ್ಮಾಣವಾಗುತ್ತಿದ್ದಿತು. ಆ ಎತ್ತುಗಳಲ್ಲಿ ಬಹುಪಾಲು ಮತ್ತೊಬ್ಬನ ಹೊಲದಲ್ಲಿ ದುಡಿದು ಬಂದವು. ಆದಕಾರಣ ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಸೀಮೆಯ ಒಕ್ಕಲಿಗನು ಯಂತ್ರವೆಂಬುದನ್ನು ಕಣ್ಣಿನಿಂದ ಕಾಣುವುದಕ್ಕೆ ಬಹು ಪೂರ್ವದಲ್ಲಿಯೇ, ಬಳಸಿದ್ದನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆಯಲ್ಲಿ ಪಳಗಿದ್ದನು.

ಆ ಪರೀಕ್ಷೆಗೊಂದು ಕ್ರಮವಿದ್ದಿತು. ಮೊದಲು ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಕ್ಕೊತ್ತಿ ಹಲ್ಲು ನೋಡುವುದು: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಕಡೆಗೆ ಬಾಯಿಗೂಡಿದ ಎತ್ತು. ಬಾಯಿಗೂಡಿದ ಮೇಲೆ ವಯಸ್ಸನ್ನು ಹೇಳುವುದು ಹಲ್ಲಿನ ಸವೆತ ಮತ್ತು ಕೊಂಬಿನ ಉಂಗುರಗಳು; ಅದನ್ನರಿತೇ ಮಾರುವವನು ಕೊಂಬನ್ನು ನುಣ್ಣಗೆ ಹೆರೆದು, ಎಣ್ಣೆ ಸವರಿ, ಬಣ್ಣ ಬಳಿದು ನಿಲ್ಲಿಸುತ್ತಿದ್ದನು. ಅನುಭವಿಯಾದ ಕೊಳ್ಳುವವನಾದರೋ ಕೊಂಬಿನ ಹೊಳಪಿಗೆ ಮರುಳಾಗದೆ, ನೊಗವೊತ್ತಿದ ಹೆಗಲಿನ ಮೇಲೆ ಅಂಗೈಯಿಟ್ಟು ಹಳೆಯ ಗಾಯದ ಗಂಟನ್ನು ತಡಕಿ, ಗೊರಸನ್ನೆತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ಗಾಲಿ ಕಟ್ಟಿದ ಚಕ್ಕಡಿಯನ್ನು ಎಳೆಯಿಸಿದ ಬಳಿಕವಷ್ಟೇ ದಲಾಲಿಯ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ದರ ಸೂಚಿಸುತ್ತಿದ್ದನು. ಎತ್ತಿನ ಮೈಮೇಲಿನ ಕೂದಲ ಸುಳಿಗಳ ಶುಭಾಶುಭದಲ್ಲಿ ನನಗೆ ವಿಶ್ವಾಸವಿಲ್ಲ. ಆದರೆ ಎತ್ತು ಮನಸ್ಸಿಗೆ ಬಾರದಿದ್ದಾಗ ಮಾರುವವನನ್ನು ನೋಯಿಸದೆ ಹಿಂದೆಗೆಯಲು ಸುಳಿಯಷ್ಟು ಗೌರವಯುತವಾದ ನೆಪ ಮತ್ತೊಂದಿರಲಿಲ್ಲವೆಂಬುದನ್ನು ಒಪ್ಪಬೇಕು.

ಇಲ್ಲಿಯ ಎರಿಭೂಮಿಯು ನೀರು ಕುಡಿದಾಗ ಕಾಲು ಕೀಳಗೊಡದು, ಒಣಗಿದಾಗ ಕಲ್ಲಾಗಿ ಬಿರಿಯುವುದು. ಅದನ್ನು ಸೀಳಬಲ್ಲ ಭಾರಿ ಎತ್ತಿಗಾಗಿಯೇ ಸಾಂಗಲಿ, ಮಿರಜ, ಜಮಖಂಡಿ ಮೊದಲಾದ ಸಂಸ್ಥಾನಗಳ ಅರಸರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗೀರ್, ಓಂಗೋಲು, ಕಾಂಕ್ರೇಜ್ ತಳಿಗಳನ್ನು ಸ್ಥಳೀಯ ದನಗಳೊಡನೆ ಬೆರೆಸಿ ಕೃಷ್ಣಾತೀರದ ತಳಿಯನ್ನು ರೂಪಿಸಲು ಆಶ್ರಯವಿತ್ತರು. ಎತ್ತಿನ ವಿಷಯದಲ್ಲಿ ಇಷ್ಟು ಎಚ್ಚರವಿದ್ದರೂ, ಅದು ಎಳೆಯುವ ಕೂರಿಗೆ, ಕುಂಟೆ, ರಂಟೆಗಳ ವಿಷಯದಲ್ಲಿ ಚಿಂತೆಯು ಅಲ್ಪವಾಗಿದ್ದಿತು. ಈಸು ಮುರಿದರೆ ಊರ ಬಡಿಗನಿದ್ದನು, ಕುಡ ಸವೆದರೆ ಕಮ್ಮಾರನಿದ್ದನು.

ಆ ನಿಶ್ಚಿಂತೆಯನ್ನು ಕದಡಿದ್ದು ಕಬ್ಬಿಣದ ನೇಗಿಲು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನಿಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ತಯಾರಿಸಿದಾಗ, ಕಬ್ಬಿಣವು ಮಣ್ಣಿಗೆ ವಿಷವೆಂದು ರೈತರು ಅಂಜಿದರೆಂದು ಹೇಳುವುದುಂಟು. 1910ರಲ್ಲಿ ಅವರು ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದ ಮೇಲೆ ನೇಗಿಲು ಹಳ್ಳಿಹಳ್ಳಿಗೆ ಹರಡಿತು. ಅದರೊಡನೆಯೇ ಕೊಳ್ಳುವವನ ಬಾಯಲ್ಲಿ ಒಂದು ಹೊಸ ಪ್ರಶ್ನೆಯೂ ಹುಟ್ಟಿತು: ಸವೆದ ಭಾಗಕ್ಕೆ ಬದಲು ಭಾಗ ಎಲ್ಲಿ ಸಿಕ್ಕೀತು?

ನೇಗಿಲಿನ ತರುವಾಯ ಬಂದದ್ದು ಟ್ರ್ಯಾಕ್ಟರು. 1971ರಲ್ಲಿ ಪಿಂಜೋರಿನಲ್ಲಿ ಎಚ್.ಎಂ.ಟಿ. ಸಂಸ್ಥೆಯು ಅದನ್ನು ತಯಾರಿಸಲಾರಂಭಿಸಿತು. ಅದೇ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಿಳಿಯಿತು. ಬ್ಯಾಂಕುಗಳೂ ರೈತನಿಗೆ ಸಾಲದ ಬಾಗಿಲು ತೆರೆದವು. ಹೊಸದನ್ನು ಕೊಳ್ಳಲಾರದವನು ಹಳೆಯ ಟ್ರ್ಯಾಕ್ಟರಿನ ಮುಂದೆ ನಿಂತಾಗ, ಅಜ್ಜನು ಎತ್ತಿನ ಮುಂದೆ ನಿಂತ ರೀತಿಯಲ್ಲಿಯೇ ನಿಂತನು. ಹೊಸ ಪೇಂಟು ಅವನಿಗೆ ಹೆರೆದ ಕೊಂಬೇ ಸರಿ. ಇಂಜಿನ್ನನ್ನು ಮೊದಲೇ ಬಿಸಿಮಾಡಿಟ್ಟಿರುವರೇ ಎಂದು ಅದರ ಮೈ ಮುಟ್ಟಿ ನೋಡುವನು, ಏಕೆಂದರೆ ಮುದಿ ಇಂಜಿನ್ನು ಬಿಸಿಯಾಗಿದ್ದಾಗ ಸುಲಭವಾಗಿ ಎದ್ದು, ತಣ್ಣಗಿದ್ದಾಗ ಮೊಂಡುಹಿಡಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದು, ಪಿಸ್ಟನ್ನಿನ ರಿಂಗುಗಳು ಸವೆದಿರಬಹುದೆಂದು ತಿಳಿಯುವನು. ನೇಗಿಲನ್ನು ಲಿಫ್ಟಿನಿಂದ ಮೇಲೆತ್ತಿ, ಇಂಜಿನ್ನನ್ನು ಬಂದ್ ಮಾಡಿ, ಎಲೆಯಡಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನೆ ಕಾಯುವನು. ನೇಗಿಲು ಬೇಗನೆ ಇಳಿದರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆಯುಂಟು. ಮೀಟರು ತೋರಿಸುವ ತಾಸುಗಳ ಮೇಲೆ ಅವನಿಗೆ ನಂಬಿಕೆ ಕಡಿಮೆ. ಕ್ಲಚ್ಚಿನ ಪೆಡಲು ಎಷ್ಟು ಸವೆದಿದೆಯೆಂಬುದನ್ನು ಅವನು ಹೆಚ್ಚು ನಂಬುವನು, ಮತ್ತು ನನ್ನ ಎಣಿಕೆಯಲ್ಲಿ ಅವನ ನಂಬಿಕೆ ಯುಕ್ತವಾದುದೇ.

ಎತ್ತಿನ ವ್ಯಾಪಾರದಲ್ಲಿ ಕಾಣದಿದ್ದ ಒಂದು ಪರೀಕ್ಷೆ ಮಾತ್ರ ಈಗ ಕೂಡಿಕೊಂಡಿದೆ. ಆರ್.ಸಿ. ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಸಾಲ ತೀರಿದ ಪತ್ರ ಕೈಗೆ ಬರುವವರೆಗೆ ಬಲ್ಲವನು ಮುಂಗಡ ಕೊಡನು. ಕಿರ್ಲೋಸ್ಕರರ ನೇಗಿಲು ತಂದ ಆ ಹಿಂದಿನ ಪ್ರಶ್ನೆಯೂ ಹೊಸ ಬಲದಿಂದ ಮರಳಿದೆ: 2016ರಲ್ಲಿ ಕೇಂದ್ರ ಸರಕಾರವು ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ತೀರ್ಮಾನಿಸಿದ ತರುವಾಯ, ಆ ಹಳೆಯ ಯಂತ್ರವನ್ನು ನೋಡಹೋದವನು ಬಾನೆಟ್ಟು ತೆಗೆಯುವುದಕ್ಕೆ ಮೊದಲೇ ಬಿಡಿಭಾಗದ ಮಾತೆತ್ತುತ್ತಾನೆ.