ತೌಡಿನಲ್ಲಿ ಹೋದ ಶಕ್ತಿ, ಮಾತ್ರೆಯಲ್ಲಿ ಬಂದ ಕಥೆ

ಸಂತೆ ದಿನ ಯಾವುದಾದರೂ ಹೋಬಳಿ ಊರಿನ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತು ನೋಡಿ. "ಕೈಕಾಲು ಜೋಮು ಹಿಡೀತಾವೆ, ಸುಸ್ತು ಬೇರೆ. ಒಂದು ಶೀಟು ಶಕ್ತಿ ಮಾತ್ರೆ ಕೊಡಣ್ಣ" ಎನ್ನುವ ಮಾತು ಕೇಳಿಸಿಯೇ ಕೇಳಿಸುತ್ತದೆ. ಅಂಗಡಿಯವರು ಒಂದು ಶೀಟು ಬಿ-ಕಾಂಪ್ಲೆಕ್ಸ್ ಕೊಡುತ್ತಾರೆ. ನುಂಗಿದವರಿಗೆ ಮೂತ್ರ ಹಳದಿಯಾದದ್ದು ಬಿಟ್ಟರೆ ಅದರೊಳಗೆ ಏನಿದೆ ಎಂಬುದು ಗೊತ್ತಿರುವುದಿಲ್ಲ.

ಈ ಮಾತ್ರೆ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದ ನಮಗೆ ಕೊನೆಗೆ ಸಿಕ್ಕಿದ್ದು ನಾವು ದಿನಾ ಎಮ್ಮೆಗೆ ಹಾಕುವ ತೌಡು!

ಭತ್ತವನ್ನು ಒನಕೆಯಲ್ಲಿ ಕುಟ್ಟುತ್ತಿದ್ದ ಕಾಲದಲ್ಲಿ ಅಕ್ಕಿ ಕೆಂಪಗೇ ಇರುತ್ತಿತ್ತು, ತೌಡು ಪೂರ್ತಿ ಹೋಗುತ್ತಿರಲಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಏಷ್ಯಾದ ಅಕ್ಕಿ ಉಣ್ಣುವ ನಾಡುಗಳಿಗೆ ಉಗಿಯಂತ್ರದ ಗಿರಣಿಗಳು ಬಂದವು. ಮಲ್ಲಿಗೆಯಂಥ ಬಿಳಿ ಅಕ್ಕಿ ಅಗ್ಗವಾಯಿತು. ಅದರ ಹಿಂದೆಯೇ ಬೆರಿಬೆರಿ ಎಂಬ ಕಾಯಿಲೆ ಹೆಚ್ಚಾಯಿತು. ಮೊದಲು ಪಾದ ಜೋಮು ಹಿಡಿಯುತ್ತಿತ್ತು. ಆಮೇಲೆ ಕಾಲಿನ ಬಲ ಹೋಗುತ್ತಿತ್ತು. ಕೆಲವರಿಗೆ ಮೈ ಊದಿಕೊಂಡು ಹೃದಯವೇ ಸೋಲುತ್ತಿತ್ತು.

ಜಪಾನಿನ ನೌಕಾಪಡೆಗೆ ಇದರ ಪೆಟ್ಟು ಜೋರಾಗಿಯೇ ಬಿತ್ತು. 1882-83ರಲ್ಲಿ ದೂರಯಾನಕ್ಕೆ ಹೋದ ರ್ಯೂಜೋ ಎಂಬ ಹಡಗಿನಲ್ಲಿದ್ದ 376 ಜನರಲ್ಲಿ 169 ಮಂದಿಗೆ ಬೆರಿಬೆರಿ ಬಂತು, 25 ಮಂದಿ ಸತ್ತರು. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಅವರಿಗೆ ಊಟದ ಮೇಲೆ ಅನುಮಾನ ಬಂತು. 1884ರಲ್ಲಿ ತ್ಸುಕುಬಾ ಎಂಬ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳಿಸಿದರು. ಈ ಸಲ ಅನ್ನ ಕಡಿಮೆ ಮಾಡಿ ಮಾಂಸ, ಬ್ರೆಡ್ಡು, ಹಾಲು ಕೊಟ್ಟರು. ಬೆರಿಬೆರಿಯಿಂದ ಒಬ್ಬರೂ ಸಾಯಲಿಲ್ಲ. ಮುಂದೆ ನೌಕಾಪಡೆಯ ಊಟಕ್ಕೆ ಬಾರ್ಲಿಯೂ ಸೇರಿತು. ಆದರೆ ಭೂಸೇನೆಯ ವೈದ್ಯರು ಈ ಮಾತು ನಂಬಲಿಲ್ಲ. 1904-05ರ ರಷ್ಯಾ ಯುದ್ಧದಲ್ಲಿ ಬಿಳಿ ಅನ್ನ ಉಂಡ ಸಾವಿರಾರು ಸೈನಿಕರು ಗುಂಡಿನಿಂದಲ್ಲ, ಬೆರಿಬೆರಿಯಿಂದ ಸತ್ತರು.

ಇತ್ತ ಡಚ್ಚರ ಕೈಯಲ್ಲಿದ್ದ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ವೈದ್ಯರು ಬೆರಿಬೆರಿಯ ರೋಗಾಣು ಹುಡುಕುತ್ತಿದ್ದರು. ಅವರು ಸಾಕಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ನಂತರ ತಾವಾಗಿಯೇ ಎದ್ದು ಓಡಾಡಿದವು. ವಿಚಾರಿಸಿದಾಗ ತಿಳಿಯಿತು: ಆ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು, ಮಿಲಿಟರಿ ಅನ್ನವನ್ನು ಹೊರಗಿನ ಕೋಳಿಗಳಿಗೆ ಕೊಡುವುದಿಲ್ಲ ಎಂದುಬಿಟ್ಟ. ಅಂದಿನಿಂದ ಕೋಳಿಗಳಿಗೆ ತೌಡಿರುವ ಅಕ್ಕಿ ಸಿಕ್ಕಿತು, ಅವು ಬದುಕಿದವು. ಆಮೇಲೆ ಜಾವಾದ 101 ಜೈಲುಗಳ ಲೆಕ್ಕ ತೆಗೆದಾಗ ಮನುಷ್ಯರಲ್ಲೂ ಅದೇ ಕಂಡಿತು. ಪಾಲಿಶ್ ಅಕ್ಕಿ ಉಣ್ಣುವ ಜೈಲಿನಲ್ಲಿ ಬೆರಿಬೆರಿ ಹೆಚ್ಚು, ತೌಡಿರುವ ಅಕ್ಕಿಯ ಜೈಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಐಕ್ಮನ್ ಮಾತ್ರ ಅಕ್ಕಿಯಲ್ಲಿ ವಿಷವಿದೆ, ತೌಡು ಅದನ್ನು ಮುರಿಯುತ್ತದೆ ಎಂದುಕೊಂಡಿದ್ದರು. ವಿಷವೇನೂ ಇಲ್ಲ, ದೇಹಕ್ಕೆ ಬೇಕಾದದ್ದೊಂದು ತೌಡಿನ ಜೊತೆ ಹೋಗಿದೆ ಎಂದು 1901ರಲ್ಲಿ ಹೇಳಿದವರು ಅವರ ಜಾಗಕ್ಕೆ ಬಂದ ಗೆರಿಟ್ ಗ್ರೈನ್ಸ್. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ ವಿಟಮಿನ್ ಎಂಬ ಹೆಸರಿಟ್ಟರು. 1926ರಲ್ಲಿ ಜಾವಾದಲ್ಲೇ ತೌಡಿನಿಂದ ಅದರ ಹರಳುಗಳನ್ನು ತೆಗೆದರು. ಅದೇ ಬಿ1, ಅಂದರೆ ಥಯಾಮಿನ್.

ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿಯನ್ನು 1936ರಲ್ಲಿ ತೋರಿಸಿದವರು ರಾಬರ್ಟ್ ವಿಲಿಯಮ್ಸ್. ಇವರು ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, ಅಮೆರಿಕದ ಮಿಷನರಿ ದಂಪತಿಯ ಮಗನಾಗಿ. 1910ರಲ್ಲಿ ಮನಿಲಾದಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಹಸುಗೂಸಿಗೆ ತೌಡಿನ ಸಾರ ಕುಡಿಸಿ, ಅದು ಚೇತರಿಸಿಕೊಂಡದ್ದನ್ನು ಕಣ್ಣಾರೆ ಕಂಡವರು. ಆ ಕೆಲಸವನ್ನು ಅವರು 26 ವರ್ಷ ಬಿಡಲಿಲ್ಲ.

ದಕ್ಷಿಣ ಭಾರತದಲ್ಲೂ ಬೆರಿಬೆರಿ ಇತ್ತು. ಬೆಳ್ತಿಗೆ ಅಕ್ಕಿ ಉಣ್ಣುವ ಆಂಧ್ರದ ಉತ್ತರ ಕರಾವಳಿಯಲ್ಲಿ ಅದು ಕಾಡುತ್ತಿತ್ತು. ಕುಚ್ಚಲಕ್ಕಿ ಉಣ್ಣುವ ಕಡೆ ಅಪರೂಪ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿದಾಗ ತೌಡಿನಲ್ಲಿರುವ ಬಿ1 ಕಾಳಿನೊಳಕ್ಕೆ ಇಳಿಯುತ್ತದೆ, ಆಮೇಲೆ ಗಿರಣಿಗೆ ಹಾಕಿದರೂ ಬಹುಪಾಲು ಉಳಿಯುತ್ತದೆ. ನಮ್ಮ ಕರಾವಳಿಯ ಅಜ್ಜಿಯರಿಗೆ ವಿಟಮಿನ್ ಎಂಬ ಪದ ಗೊತ್ತಿರಲಿಲ್ಲ, ಆದರೆ ಬಟ್ಟಲಿನ ಗಂಜಿಯಲ್ಲಿ ಅದು ಇತ್ತು. ಇದೇ ಕಾಯಿಲೆಯ ಅಧ್ಯಯನಕ್ಕೆಂದು 1918ರಲ್ಲಿ ಕೂನೂರಿನ ಒಂದೇ ಕೋಣೆಯಲ್ಲಿ ಶುರುವಾದ ಸಂಸ್ಥೆಯೇ ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಬಿ12ರ ಕಥೆ ಬೇರೆ. ರಕ್ತ ಕಡಿಮೆಯಾಗಿ, ನರ ಸೋತು ಸಾಯುವ ಒಂದು ಕಾಯಿಲೆಗೆ 1926ರಲ್ಲಿ ಅಮೆರಿಕದ ಮೈನೋಟ್ ಮತ್ತು ಮರ್ಫಿ ದಿನಾ ಪ್ರಾಣಿಗಳ ಲಿವರ್ ತಿನ್ನಿಸಿ ಗುಣ ಕಂಡರು. ಆ ಲಿವರಿನಲ್ಲಿದ್ದ ಕೆಂಪು ಹರಳು, ಬಿ12, ಸಿಕ್ಕಿದ್ದು 1948ರಲ್ಲಿ. ಇದು ಕಾಳು, ಸೊಪ್ಪುಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ.

ಹಾಗಾದರೆ ಜೋಮಿಗೆ ಮಾತ್ರೆ ನುಂಗಬೇಕೋ ಬೇಡವೋ? ಕೊರತೆ ಇದ್ದವರಿಗೆ ಈ ಮಾತ್ರೆ ಪ್ರಾಣ ಉಳಿಸುವಂಥದ್ದು. ಅನ್ನವನ್ನು ಶಕ್ತಿಯಾಗಿ ಮಾಡಿಕೊಳ್ಳಲು ಬಿ1 ಬೇಕು, ನರದ ಹೊದಿಕೆ ಗಟ್ಟಿ ಇರಲು ಬಿ12 ಬೇಕು. ಆದರೆ ಕೊರತೆ ಇಲ್ಲದವರಿಗೆ ಇದು ಹೆಚ್ಚಿನ ಶಕ್ತಿಯನ್ನೇನೂ ಕೊಡುವುದಿಲ್ಲ. ಜೋಮಿಗೆ ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯುವುದುಂಟು, ಹಾಗೆಂದು ಅದನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಮದ್ಯ ಬಿಡದವರಲ್ಲಿ ಬಿ1 ಬೇಗ ಖಾಲಿಯಾಗುತ್ತದೆ. ಇನ್ನು ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡರೆ ಅದೇ ನರಕ್ಕೆ ಹಾನಿ ಮಾಡುತ್ತದೆ. ಜೋಮು ಹೋಗಲೆಂದು ನುಂಗಿದ್ದೇ ಜೋಮು ತಂದರೆ ಯಾರಿಗೆ ಹೇಳುವುದು?

ರೇಷನ್ ಅಕ್ಕಿಯಲ್ಲಿ ಬೇರೆ ಥರದ ಕಾಳು ಕಂಡು "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆದವರನ್ನು ನಾವು ನೋಡಿದ್ದೇವೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತಂದದ್ದು. ಇದನ್ನು ಸರ್ಕಾರಿ ಯೋಜನೆಗಳ ಅಕ್ಕಿಗೆಲ್ಲ ಬೆರೆಸುವುದಾಗಿ 2021ರಲ್ಲಿ ಕೇಂದ್ರ ಸರ್ಕಾರ ಘೋಷಿಸಿತ್ತು. ನೂರು ಕಾಳಿಗೆ ಒಂದರಂತೆ ಬೆರೆಸುವುದು ಲೆಕ್ಕವಾಗಿತ್ತು. ತೊಳೆಯುವಾಗ ಚೆಲ್ಲಬೇಡಿ.

ಅಕ್ಕಿಯನ್ನು ನಾಲ್ಕು ಸಲ ತೊಳೆದು, ಗಂಜಿ ಬಸಿದರೆ ಇದ್ದ ಬಿ1 ಕೂಡ ನೀರಿನ ಜೊತೆ ಹೋಗುತ್ತದೆ. ರಾಗಿ, ಜೋಳ, ಬೇಳೆ, ಶೇಂಗಾ ತಟ್ಟೆಯಲ್ಲಿದ್ದರೆ ಆ ನಷ್ಟ ತುಂಬುತ್ತದೆ. ಜೋಮು ಎರಡು ವಾರ ಕಳೆದರೂ ಹೋಗದಿದ್ದರೆ ಇನ್ನೊಂದು ಶೀಟು ಕೊಳ್ಳುವ ಮೊದಲು ಪಿಎಚ್‌ಸಿಗೆ ಹೋಗಿ, ರಕ್ತ, ಸಕ್ಕರೆ ಪರೀಕ್ಷೆ ಮಾಡಿಸಿ. ನಿಮಗೆ ಯಾವುದರ ಕೊರತೆ ಇದೆ ಎಂದು ತಿಳಿದ ಮೇಲೆ ನುಂಗಿದ ಮಾತ್ರೆಯೇ ಕೆಲಸ ಮಾಡುವ ಮಾತ್ರೆ.