ಕಡಲಿಲ್ಲದ ಊರಿಗೆ ಕಡಲು ಬಂದ ದಾರಿ



ನಾನು ಮಣ್ಣು ಗೇಯುವವನು, ಪದ ಹಾಡುವವನು. ತಾಳವಾಡಿಯಲ್ಲಿ ಸೋದರಮಾವನ ಮನೇಲಿದ್ದು ಏಳನೇ ಕ್ಲಾಸಿನ ತನಕ ಕನ್ನಡ ಓದಿದೆ. ಮಾದಪ್ಪನ ಪದ ಕಲಿತದ್ದೂ ಅಲ್ಲೇ. ಆಮೇಲೆ ಧಾರಾಪುರಂ ಹತ್ತಿರದ ನಮ್ಮ ತೋಟಕ್ಕೆ ಬಂದವನು ಇಲ್ಲೇ ಉಳಿದೆ.

ಹೋದ ಪೊಂಗಲಿಗೆ ಮೊಮ್ಮಗ ಕೋಯಮತ್ತೂರಿನ ಕಾಲೇಜಿಂದ ಗೆಳೆಯನೊಬ್ಬನನ್ನು ಕರಕೊಂಡು ಬಂದ. ಆ ಹುಡುಗ ಆಫ್ರಿಕಾದವನು, ಬೇಸಾಯ ಓದಲು ಬಂದವನು. ಈರುಳ್ಳಿ ಪಾತಿ, ನುಗ್ಗೆ ಗಿಡ, ಗಾಳಿಯಂತ್ರ ಎಲ್ಲಾ ನೋಡಿದ. ಆಮೇಲೆ ಎರಡು ಮಾತು ಕೇಳಿದ. "ನಿಮ್ಮ ರಾಜ್ಯಕ್ಕೆ ಇಷ್ಟುದ್ದ ಕಡಲಿದೆಯಲ್ಲ, ನಿಮ್ಮೂರಿಗೂ ಅದಕ್ಕೂ ಏನು ಸಂಬಂಧ? ಬೀದಿಯಲ್ಲಿ ಒಂದು ಮಾತು, ಮನೆಯಲ್ಲಿ ಇನ್ನೊಂದು ಮಾತು ಆಡ್ತೀರಲ್ಲ, ಯಾಕೆ?" ಮೊಮ್ಮಗ ನನ್ನ ಮುಖ ನೋಡಿದ. ಅವತ್ತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೀನಿ.

ತಮಿಳುನಾಡಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ಕಡಲ ದಡ ಇದೆ. ನಮ್ಮ ಕೊಂಗುನಾಡು ಒಳನಾಡು. ಆದರೆ ಪಶ್ಚಿಮದ ಬೆಟ್ಟಸಾಲು ಪಾಲಕ್ಕಾಡಿನಲ್ಲಿ ಬಾಗಿಲು ತೆಗೆದ ಹಾಗೆ ಬಿಟ್ಟುಕೊಂಡಿದೆ. ಆಡಿ ತಿಂಗಳಲ್ಲಿ ನಮ್ಮ ಹೊಲದ ಮೇಲೆ ಬೀಸೋ ಗಾಳಿ ಆ ಬಾಗಿಲಿಂದ ಬರೋ ಕಡಲ ಗಾಳಿ. ಗಾಳಿ ಬಂದ ದಾರಿಯಲ್ಲೇ ಜನವೂ ಬಂದರು.

ಎರಡು ಸಾವಿರ ವರ್ಷದ ಹಿಂದೆ ರೋಮಿನ ವ್ಯಾಪಾರಿಗಳು ಹಡಗಲ್ಲಿ ಕೇರಳದ ಮುಚಿರಿಗೆ ಬರ್ತಾ ಇದ್ದರು. ಕಾಂಗೇಯಂ ಹತ್ತಿರದ ಪಡಿಯೂರಲ್ಲಿ ಕಡಲ ನೀರಿನ ಬಣ್ಣದ ವೈಡೂರ್ಯ ಸಿಗ್ತಿತ್ತು. ನೊಯ್ಯಲ್ ನದಿ ದಂಡೆಯ ಕೊಡುಮಣಲಲ್ಲಿ ಹರಳು ಉಜ್ಜಿ ಮಣಿ ಮಾಡೋರು. 1985ರಿಂದ ಅಲ್ಲಿ ಅಗೆದಾಗ ಮಣಿಗಳು, ಕಬ್ಬಿಣ ಕರಗಿಸಿದ ಕುಲುಮೆಗಳು, ಅಕ್ಷರ ಕೊರೆದ ಮಡಕೆ ಚೂರುಗಳು ಸಿಕ್ಕಿವೆ. ನಮ್ಮ ಅಮರಾವತಿ ಹರಿದು ಹೋಗೋ ಕರೂರಲ್ಲಿ ರೋಮಿನ ನಾಣ್ಯಗಳು ಸಿಕ್ಕಿವೆ.

ಇನ್ನು ಮನೆಮಾತಿನ ವಿಷಯ. ಇಲ್ಲಿರೋ ದೇವಾಂಗರು, ಒಕ್ಕಲಿಗರು, ಅನುಪ್ಪರು, ಕುರುಬರು ಮನೆಯಲ್ಲಿ ಆಡೋದು ಕನ್ನಡವೇ. ವಿಜಯನಗರದವರ ಕಾಲದಲ್ಲಿ, ಮೈಸೂರವರ ಕಾಲದಲ್ಲಿ ಬಂದೋರು ಅಂತ ಹಿರಿಯರು ಹೇಳ್ತಾರೆ. 1667ರಲ್ಲಿ ದೊಡ್ಡದೇವರಾಜ ಒಡೆಯರು ಧಾರಾಪುರಂ ಗೆದ್ದರು. ಆಮೇಲೆ ಕಡಲ ಮೇಲಿಂದ ಬಂದ ಇಂಗ್ಲಿಷರ ಕಣ್ಣು ಈ ಕೋಟೆ ಮೇಲೆ ಬಿತ್ತು. 1768ರಲ್ಲಿ ಕರ್ನಲ್ ವುಡ್ ಹಿಡಿದ, ಹೈದರಾಲಿ ಮತ್ತೆ ಕಿತ್ತುಕೊಂಡ. 1783ರಲ್ಲಿ ಕರ್ನಲ್ ಫುಲ್ಲರ್ಟನ್ ಇಲ್ಲಿ ಗೆದ್ದು ಪಾಲಕ್ಕಾಡಿನ ಕೋಟೆಗೂ ಹೋದ. ಮಾರನೇ ವರ್ಷ ಮಂಗಳೂರು ಒಪ್ಪಂದದಲ್ಲಿ ಊರು ಟಿಪ್ಪುವಿಗೆ ವಾಪಸ್ಸು. 1792ರಲ್ಲಿ ಕೋಟೆಯನ್ನೇ ಕೆಡವಿದರು. ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ಹೋಗೋ ದಾರಿ ಯಾರ ಕೈಲಿರಬೇಕು ಅನ್ನೋದಕ್ಕೇ ಇಷ್ಟು ಕಾದಾಟ. ಬೆಳೆ ಹಾಳಾದದ್ದು ಮಾತ್ರ ಒಕ್ಕಲುಮಕ್ಕಳದು.

ಈಗ ಕತ್ತಿ ಇಲ್ಲ, ಲಾರಿ ಇದೆ. ತಿರುಪ್ಪೂರಿನ ಬನಿಯನ್ ತೂತ್ತುಕುಡಿ ಬಂದರಿಂದ ಹಡಗು ಹತ್ತಿ ದೇಶದೇಶಕ್ಕೆ ಹೋಗುತ್ತೆ. ನಮ್ಮೂರಿಂದಲೂ ಹೆಣ್ಣುಮಕ್ಕಳು ಬೆಳಗ್ಗೆ ಕಂಪನಿ ಬಸ್ಸು ಹತ್ತುತಾರೆ. ಅಂಗಿ ಹೊರಗೆ ಹೋಗುತ್ತೆ, ಬಣ್ಣದ ನೀರು ನೊಯ್ಯಲಲ್ಲೇ ಉಳೀತು. ಆ ನದಿ ಕೆಳಗಿನ ರೈತರು ಎಷ್ಟೋ ವರ್ಷ ಕೋರ್ಟು ಅಲೆದರು. ಲಾಭದ ಲೆಕ್ಕ ಬರೆಯುವಾಗ ಇದನ್ನೂ ಬರೀಬೇಕು.

ಹೊರದೇಶದ ಮಕ್ಕಳು ಇಲ್ಲಿಗೆ ಓದೋಕೆ ಯಾಕೆ ಬರ್ತಾರೆ? ಖರ್ಚು ಕಡಿಮೆ, ಪಾಠ ಇಂಗ್ಲಿಷಲ್ಲಿ, ಹವೆ ಹಿತ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಮಳೆ ಕಮ್ಮಿ ಇರೋ ನಾಡಲ್ಲಿ ಬೆಳೆ ತೆಗೆಯೋ ವಿದ್ಯೆ ಇಲ್ಲಿದೆ. 1912ರಲ್ಲಿ ಕೋಯಮತ್ತೂರಲ್ಲಿ ಕಬ್ಬಿನ ತಳಿ ಸಂಸ್ಥೆ ಶುರುವಾಯ್ತು. ಕಾಡುಕಬ್ಬಿಗೂ ನಾಡಕಬ್ಬಿಗೂ ಬೆಸುಗೆ ಹಾಕಿ 1918ರಲ್ಲಿ ಕೊಟ್ಟ ತಳಿ ಪಂಜಾಬಿನ ಹೊಲಕ್ಕೆ ಹೋಯ್ತು. ಕೋಯಮತ್ತೂರಿನ ತಳಿಗಳು ಆಮೇಲೆ ಕಡಲು ದಾಟಿದವು. ಆ ಆಫ್ರಿಕಾದ ಹುಡುಗನ ಊರಲ್ಲೂ ಮಳೆ ಕಮ್ಮಿಯಂತೆ. ನಾವು ಬಿತ್ತೋ ಹದ ಕೇಳಿ ಕೇಳಿ ಬರಕೊಂಡ.

ಹೊರಡೋವಾಗ ಪುಸ್ತಕ ಮುಂದೆ ಹಿಡಿದು, ನಿಮ್ಮೂರ ಹೆಸರು ನಿಮ್ಮ ಮನೆಮಾತಲ್ಲಿ ಬರೆದುಕೊಡಿ ಅಂದ. ಮೊಮ್ಮಗನಿಗೆ ಮಾತು ಬರುತ್ತೆ, ಅಕ್ಷರ ಬರಲ್ಲ. ಪೆನ್ನು ನನ್ನ ಕೈಗೆ ಕೊಟ್ಟ. ತಪ್ಪು ಅವನದಲ್ಲ. ಇಷ್ಟು ವರ್ಷ ಊರೂರು ತಿರುಗಿ ಪದ ಹಾಡಿದೆ, ಮನೆ ಮಗುವಿಗೆ ಅ ಆ ಹೇಳಿಕೊಡಲಿಲ್ಲ.

ಈಗ ಭಾನುವಾರ ಅವನು ಬಂದಾಗ ಒಂದು ಗಂಟೆ ಓದುಮನೇಲಿ ಕೂರ್ತೀವಿ. ಇನ್ನೂ ನಾಲ್ಕು ಮಕ್ಕಳು ಸೇರಿದ್ದಾರೆ. ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ: ವರ್ಷಕ್ಕೆ ಒಂದು ಸಲ ಮಕ್ಕಳನ್ನು ಕೊಡುಮಣಲಿಗೆ ಕರಕೊಂಡು ಹೋಗಿ. ಬುತ್ತಿ ನಮ್ಮ ಮನೇದು.